ಮರ್ಫಿ ಟೌನಿನ ಬಾವಿಗೆ ಮೂರು ಡೋಸ್

ನೀರಿನಲ್ಲಿ ಇರಬಾರದ್ದು ಏನಾದರೂ ಇದೆಯೇ ಎಂದು ನೋಡಿ ಹೇಳುವುದು ನನ್ನ ಉದ್ಯೋಗ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಇದನ್ನೇ ಮಾಡುತ್ತಿದ್ದೇನೆ. ಇಷ್ಟು ವರ್ಷಗಳಲ್ಲಿ ನೀರು ನನಗೆ ಒಂದು ದಿನವೂ ತೊಂದರೆ ಕೊಟ್ಟಿಲ್ಲ. ಆದರೆ ನೀರು ಇದ್ದಲ್ಲಿ ಜನ ಇರುತ್ತಾರೆ, ಜನ ಇದ್ದಲ್ಲಿ ಇಂಥ ಪ್ರಸಂಗಗಳು ತಪ್ಪದೆ ನಡೆಯುತ್ತವೆ.

ನಮ್ಮ ಪರೀಕ್ಷಾಲಯ ಇರುವುದು ಇಂದಿರಾನಗರದ ಒಂದು ಅಡ್ಡರಸ್ತೆಯಲ್ಲಿ, ನಾಯಿಗಳಿಗೆ ಕೂದಲು ಕತ್ತರಿಸುವ ಅಂಗಡಿಯ ಮೇಲಿನ ಮಹಡಿಯಲ್ಲಿ. ಮುಖ್ಯಸ್ಥರು ಒಬ್ಬ ಮೇಡಂ. ಮಾದರಿ ತರಲು ಒಂದು ಜೀಪು. ಅದನ್ನು ಓಡಿಸುವವರು ಶಿವಾಜಿನಗರದ ಒಬ್ಬ ಹಿರಿಯರು, ನಾವೆಲ್ಲ ಅವರನ್ನು ಸಾಹೇಬರು ಎನ್ನುತ್ತೇವೆ. ಉಳಿದ ಕೆಲಸ ನನ್ನದು.

ಮೊದಲೆಲ್ಲ ನೀರಿನಲ್ಲಿ ಕಣದಷ್ಟು ವಿಷ ಇದೆಯೇ ನೋಡಲು ಲೀಟರುಗಟ್ಟಲೆ ನೀರು ತಂದು, ಅದಕ್ಕೆ ಸೀಸೆಗಟ್ಟಲೆ ದ್ರಾವಕ ಸುರಿದು, ಅರ್ಧ ದಿನ ಕುಲುಕಬೇಕಿತ್ತು. ನೀರಿನ ಸ್ಥಿತಿ ತಿಳಿಯುವ ಹೊತ್ತಿಗೆ ನಮ್ಮ ಭುಜದ ಸ್ಥಿತಿ ಕೆಟ್ಟಿರುತ್ತಿತ್ತು. ಈಗ ಕೂದಲಿನಷ್ಟು ಸಣ್ಣ ಒಂದು ಎಳೆ ಸಾಕು. ಅದು ಒಂದು ಸೂಜಿಯೊಳಗೆ ಇರುತ್ತದೆ. ಬಾಟಲಿಯ ನೀರಿನೊಳಗೋ, ನೀರಿನ ಮೇಲಿನ ಗಾಳಿಯೊಳಗೋ ಸ್ವಲ್ಪ ಹೊತ್ತು ಎಳೆಯನ್ನು ಇಳಿಬಿಟ್ಟರೆ ಅಲ್ಲಿರುವುದನ್ನೆಲ್ಲ ಹೀರಿಕೊಳ್ಳುತ್ತದೆ. ಆಮೇಲೆ ಅದೇ ಎಳೆಯನ್ನು ಯಂತ್ರದ ಬಿಸಿ ಬಾಯಿಗೆ ಇಟ್ಟರೆ, ಏನೇನು ಹೀರಿದೆ ಎಂದು ಯಂತ್ರ ಒಂದೊಂದಾಗಿ ಗೆರೆ ಎಳೆದು ತೋರಿಸುತ್ತದೆ.

ಇನ್ನೂ ಅರ್ಥವಾಗದವರಿಗೆ ನಾನು ಹೀಗೆ ಹೇಳುತ್ತೇನೆ. ಪುಲಿಕೇಶಿನಗರದ ಮಸೀದಿ ರಸ್ತೆಯಲ್ಲಿ ನೀವು ಎರಡು ನಿಮಿಷ ಸುಮ್ಮನೆ ನಿಂತು ಮನೆಗೆ ಹೋಗಿ. ಎಲ್ಲಿ ನಿಂತಿದ್ದಿರಿ, ಯಾವ ಅಂಗಡಿಯ ಮುಂದೆ, ಕಬಾಬು ಒಂದು ಪ್ಲೇಟೋ ಎರಡೋ ಎಂದು ನಿಮ್ಮ ಹೆಂಡತಿ ಬಾಗಿಲಲ್ಲೇ ಹೇಳುತ್ತಾರೆ. ನಮ್ಮ ಎಳೆ ನಿಮ್ಮ ಅಂಗಿ ಇದ್ದ ಹಾಗೆ. ಯಂತ್ರ ನಿಮ್ಮ ಹೆಂಡತಿ ಇದ್ದ ಹಾಗೆ. ವ್ಯತ್ಯಾಸ ಒಂದೇ, ಯಂತ್ರಕ್ಕೆ ವರ್ಷಕ್ಕೊಮ್ಮೆ ಸರ್ವಿಸ್ ಬೇಕು.

೧. ನೀರಿಗೆ ನರ ಎಲ್ಲಿದೆ

ಹೋದ ಬೇಸಿಗೆಯಲ್ಲಿ ಮರ್ಫಿ ಟೌನಿನ ಒಂದು ಬೀದಿಯಿಂದ ಕರೆ ಬಂತು. ಅಲ್ಲಿ ಕಂಟೋನ್ಮೆಂಟ್ ಕಾಲದ ಒಂದು ಸೇದುಬಾವಿ ಇದೆ, ಇಪ್ಪತ್ತು ಮನೆಗೆ ಅದೇ ಆಧಾರ. ಅದರ ನೀರು ಇದ್ದಕ್ಕಿದ್ದಂತೆ ಎಣ್ಣೆ ವಾಸನೆ ಹೊಡೆಯತೊಡಗಿತ್ತು. ಮೇಲಿನ ರಸ್ತೆಯ ಪೆಟ್ರೋಲ್ ಬಂಕಿನ ಟ್ಯಾಂಕು ನೆಲದಡಿಯಲ್ಲಿ ಸೋರುತ್ತಿದೆ ಎಂದು ಬೀದಿಯೆಲ್ಲ ಸುದ್ದಿ. ವಾರ್ಡ್ ಕಚೇರಿಯವರು ಬಾವಿಗೆ ತಗಡು ಮುಚ್ಚಿ ನೋಟಿಸ್ ಅಂಟಿಸಿದ್ದರು. ಸೋರುತ್ತಿರುವುದು ಪೆಟ್ರೋಲೇ ಎಂದಾದರೆ ಬಾವಿಗೆ ಮಣ್ಣು ತುಂಬಿಸುವುದು ಎಂದು ತೀರ್ಮಾನವಾಗಿತ್ತು.

ಇದರಿಂದ ಎಲ್ಲರಿಗೂ ಕಷ್ಟವಾಗಿತ್ತು, ಆದರೆ ನಿಜವಾದ ಪೆಟ್ಟು ಬಿದ್ದದ್ದು ಬೀದಿಯ ತಿರುವಿನಲ್ಲಿ ಇಡ್ಲಿ ಮಾಡುತ್ತಿದ್ದ ಹೆಂಗಸಿಗೆ. ಎಲ್ಲರೂ ಅವರನ್ನು ಇಡ್ಲಿ ಅಕ್ಕ ಎನ್ನುತ್ತಾರೆ. ಗಂಡ ತೀರಿಕೊಂಡ ಮೇಲೆ ಮನೆ ನಡೆಸಿದ್ದು ಆ ಒಲೆ. ಅಕ್ಕಿ, ಉದ್ದು ತೊಳೆಯುವುದರಿಂದ ಹಿಡಿದು ತಟ್ಟೆ ತೊಳೆಯುವವರೆಗೂ ಬಾವಿ ನೀರು. ಟ್ಯಾಂಕರ್ ಬಂದರೆ ಮನೆಗೆ ಎರಡು ಬಿಂದಿಗೆ, ಅದರಲ್ಲಿ ಅಂಗಡಿ ನಡೆಯುವುದಿಲ್ಲ. ನಾವು ಹೋದಾಗ ಒಲೆ ಆರಿ ಹನ್ನೊಂದು ದಿನವಾಗಿತ್ತು.

"ಪೆಟ್ರೋಲ್ ಅಂತ ಮಾತ್ರ ಬರೀಬೇಡಿ ಸಾರ್," ಎಂದರು ಅವರು, ನಾನು ಜೀಪಿನಿಂದ ಇಳಿಯುವ ಮೊದಲೇ.

"ಏನಿದೆಯೋ ಅದನ್ನ ಬರೀತೀನಿ ಅಕ್ಕಾ."

"ಅದನ್ನೇ ನಾನೂ ಹೇಳ್ತಿರೋದು. ಪೆಟ್ರೋಲ್ ಬಿಟ್ಟು ಏನಿದ್ರೂ ಬರೀರಿ."

ನಾನು ಬಾಟಲಿಗೆ ನೀರು ತುಂಬಿ, ಅಲ್ಲೇ ಒಂದು ಸಲ ಎಳೆ ಇಳಿಬಿಡೋಣವೆಂದು ಸೂಜಿ ಹೊರತೆಗೆದೆ. ನೋಡಲು ಅದು ಥೇಟ್ ಇಂಜೆಕ್ಷನ್. ಎರಡು ನಿಮಿಷದಲ್ಲಿ ಬೀದಿಯೆಲ್ಲ ಸೇರಿತು. ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜಿ.

"ಎಲ್ಲಿ ಚುಚ್ತೀಯಪ್ಪಾ?"

"ನೀರಿಗೆ ಅಜ್ಜಿ."

"ನೀರಿಗೆ ನರ ಎಲ್ಲಿದೆ?"

ನಾನು ಸೂಜಿಯನ್ನು ಬಾಟಲಿಯ ಬಾಯಿಗೆ ಹಿಡಿದೆ. ಅಜ್ಜಿ ಮುಂದುವರಿಸಿದರು.

"ಒಂದೇ ಸಲ ಸಾಕಾ?"

"ಇಲ್ಲ, ಮೂರು ಸಲ ಬರಬೇಕಾಗುತ್ತೆ."

ಅಜ್ಜಿ ಹಿಂದೆ ತಿರುಗಿ ಬೀದಿಗೆ ಪ್ರಕಟಿಸಿದರು: "ಮೂರು ಡೋಸಂತೆ."

ನಾನು ತಾಳ್ಮೆಯಿಂದ ತಿಳಿಸಿ ಹೇಳಿದೆ. ಇದು ಔಷಧಿ ಕೊಡುವ ಸೂಜಿಯಲ್ಲ, ಒಳಗೆ ಅಡಗಿರುವುದು ಎಷ್ಟೇ ಸ್ವಲ್ಪವಿದ್ದರೂ, ಮೂಗಿಗೆ ತಿಳಿಯದಿದ್ದರೂ ಕಂಡುಹಿಡಿಯುವ ಸೂಜಿ ಎಂದೆ. ಎಲ್ಲರೂ ತಲೆಯಾಡಿಸಿದರು. ಹಿಂದಿನಿಂದ ಒಬ್ಬ ಗೃಹಿಣಿ ಜನರನ್ನು ಸರಿಸಿಕೊಂಡು ಬಂದರು.

"ಸಾರ್, ಬಾವಿದು ಆಮೇಲೆ ನೋಡೋಣ. ಸಂಜೆ ಏಳಕ್ಕೆ ನಮ್ಮನೆಯವರು ಬರ್ತಾರೆ. ಕೇಳಿದ್ರೆ ಏನೂ ಇಲ್ಲ ಅಂತಾರೆ. ಒಂದ್ಸಲ ಅವರಿಗೆ ಚುಚ್ಚಿ ನೋಡ್ಬಿಡಿ."

೨. ಸುಮ್ಮನೆ ಬರುವ ಬಾಟಲಿ

ನಮ್ಮಲ್ಲೊಂದು ಪದ್ಧತಿ ಇದೆ. ಖಾಲಿ ಬಾಟಲಿಗಳ ಜೊತೆ ಶುದ್ಧ ನೀರು ತುಂಬಿ ಬಿಗಿಮಾಡಿದ ಒಂದು ಬಾಟಲಿಯನ್ನೂ ಒಯ್ಯುತ್ತೇವೆ. ಅದನ್ನು ತೆರೆಯುವಂತಿಲ್ಲ. ಹಾಗೇ ಹೋಗಿ, ಹಾಗೇ ಬರಬೇಕು. ದಾರಿಯಲ್ಲಿ ಜೀಪಿನ ಹೊಗೆಯೋ ಇನ್ನೊಂದೋ ಬಾಟಲಿಗಳಿಗೆ ಸೇರಿದ್ದರೆ ಇದರಿಂದ ತಿಳಿಯುತ್ತದೆ.

ಇಡ್ಲಿ ಅಕ್ಕ ಆ ಬಾಟಲಿಯನ್ನು ಬಹಳ ಹೊತ್ತು ನೋಡುತ್ತಿದ್ದರು.

"ಇದಕ್ಕೆ ಬಾವಿ ನೀರು ತುಂಬಲ್ವಾ ಸಾರ್?"

"ಇಲ್ಲ."

"ಇದರಿಂದ ಏನಾದ್ರೂ ತೆಗೀತೀರಾ?"

"ಇಲ್ಲ."

"ಮತ್ತೆ ಏನ್ ಮಾಡುತ್ತೆ?"

"ಸುಮ್ಮನೆ ನಮ್ಮ ಜೊತೆ ಬರುತ್ತೆ, ಇಲ್ಲಿ ಸ್ವಲ್ಪ ಹೊತ್ತು ಇರುತ್ತೆ, ವಾಪಸ್ ಹೋಗುತ್ತೆ."

"ಓ, ಗೊತ್ತಾಯ್ತು. ನೋಟಿಸ್ ಅಂಟಿಸೋವಾಗ್ಲೂ ಹಂಗೇ ಒಬ್ರು ಬಂದಿದ್ರು."

೩. ಮರ್ಯಾದೆ ನೀರು

ಮೊದಲ ದಿನದ ಮಾದರಿಯ ಗೆರೆ ಏನೆಂದು ಹೇಳಲಾಗದಷ್ಟು ಮಸುಕಾಗಿತ್ತು. ವಾಸನೆ ಬೆಳಗಿನ ನೀರಿನಲ್ಲಿ ಹೆಚ್ಚು ಎಂದು ಎಲ್ಲರೂ ಹೇಳಿದರು. ದಿನಾ ಬೆಳಗಿನ ಜಾವ ಅಲ್ಲಿಗೆ ಹೋಗುವುದು ನಮ್ಮಿಂದ ಸಾಧ್ಯವಿರಲಿಲ್ಲ. ಮೂರು ದಿನ ಬೆಳಿಗ್ಗೆ ಮೊದಲ ನೀರನ್ನು ಹಿಡಿದಿಡಲು ಇಡ್ಲಿ ಅಕ್ಕನಿಗೇ ಮೂರು ಕಂದು ಬಣ್ಣದ ಬಾಟಲಿ ಕೊಟ್ಟೆ. ಕಂಠದವರೆಗೆ ತುಂಬಬೇಕು, ಗುಳ್ಳೆ ಇರಬಾರದು, ಬಿಗಿಯಾಗಿ ಮುಚ್ಚಬೇಕು ಎಂದು ಎರಡೆರಡು ಸಲ ಹೇಳಿದೆ. ಅವರು ಎರಡೆರಡು ಸಲ ತಲೆಯಾಡಿಸಿದರು.

ಮೂರು ಬಾಟಲಿಯೂ ಗುಳ್ಳೆಯಿಲ್ಲದೆ ಬಂದವು. ಎಳೆ ಇಳಿಬಿಟ್ಟೆ, ಯಂತ್ರಕ್ಕೆ ಕೊಟ್ಟೆ. ಗುರುತು ಸಿಗದ ಒಂದು ಪುಟ್ಟ ಏರು ಬಿಟ್ಟರೆ, ಗೆರೆ ಹಾಸಿಟ್ಟ ಚಾಪೆಯಂತೆ ನೇರವಾಗಿತ್ತು. ಪೆಟ್ರೋಲ್ ಇಲ್ಲ, ಡೀಸೆಲ್ ಇಲ್ಲ, ನಲ್ಲಿ ನೀರಿನಲ್ಲಿ ಸಾಧಾರಣವಾಗಿ ಸಿಗುವ ಸಣ್ಣಪುಟ್ಟವೂ ಇಲ್ಲ. ನಮ್ಮ ಶುದ್ಧ ನೀರಿಗಿಂತ ಮರ್ಫಿ ಟೌನಿನ ನೀರು ಶುದ್ಧವಾಗಿತ್ತು. ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನಾನು ಬಾಟಲಿಯನ್ನು ಬೆಳಕಿಗೆ ಹಿಡಿದೆ. ತಳದಲ್ಲಿ ಒಂದು ಜೀರಿಗೆ ಕಾಳು ಆರಾಮವಾಗಿ ಕುಳಿತಿತ್ತು.

ಫೋನ್ ಮಾಡಿದೆ.

"ಅಕ್ಕಾ, ನೀರನ್ನ ಏನ್ ಮಾಡಿದ್ರಿ?"

"ಏನೂ ಮಾಡ್ಲಿಲ್ಲ ಸಾರ್. ಸೋಸಿ, ಕುದಿಸಿ, ಆರಿಸಿ ತುಂಬಿದೆ."

"ಕುದಿಸಿದ್ರಾ? ಯಾಕೆ?"

"ಅಯ್ಯೋ, ದೊಡ್ಡ ಆಫೀಸಿಗೆ ಹೋಗೋ ನೀರು, ಹಸಿ ನೀರು ಹೆಂಗ್ ಕೊಡೋದು? ಮೊದಲೇ ವಾಸನೆ ಬೇರೆ. ನಿಮಗೆ ತೊಂದ್ರೆ ಆಗಬಾರ್ದು ಅಂತ ವಾಸನೆ ಹೋಗೋವರೆಗೂ ಚೆನ್ನಾಗಿ ಕುದಿಸ್ದೆ."

ನಾವು ಹುಡುಕುತ್ತಿದ್ದುದು ಆ ವಾಸನೆಯನ್ನೇ. ಅದು ಮೂರು ದಿನ ಅವರ ಅಡುಗೆಮನೆಯ ಕಿಟಕಿಯಿಂದ ಹೊರಗೆ ಹೋಗಿತ್ತು. ಬಾವಿಯ ಭವಿಷ್ಯ ನಿಂತಿದ್ದ ಆ ಮಾದರಿಯನ್ನು ಅಷ್ಟು ಪ್ರೀತಿಯಿಂದ ಹಾಳು ಮಾಡಿದವರ ಮೇಲೆ ಸಿಟ್ಟಾಗುವುದು ನನ್ನಿಂದಾಗಲಿಲ್ಲ. ನಮಗೆ ಮಾದರಿ ಕೊಡುವವರು ಸಾಮಾನ್ಯವಾಗಿ ಮುಖ ಗಂಟಿಕ್ಕಿಕೊಂಡೇ ಬಾಟಲಿ ಕೊಡುತ್ತಾರೆ. ಜೀರಿಗೆ ಹಾಕಿ ಕೊಟ್ಟವರು ಇವರೊಬ್ಬರೇ.

ದಾಖಲೆ ಪುಸ್ತಕದಲ್ಲಿ ಏನು ಬರೆಯಲಿ ಎಂದು ಮೇಡಂ ಅವರನ್ನು ಕೇಳಿದೆ.

"ಮಾದರಿ ಪರೀಕ್ಷೆಗೆ ಯೋಗ್ಯವಲ್ಲ ಅಂತ ಬರೀರಿ," ಎಂದರು. ಆಮೇಲೆ ಸ್ವಲ್ಪ ಯೋಚಿಸಿ, "ಕುಡಿಯಲು ಯೋಗ್ಯ ಅಂತಾನೂ ಬರೀರಿ," ಎಂದರು.

೪. ಶುಕ್ರವಾರದ ಗೆರೆ

ಮತ್ತೆ ಮಾದರಿ ತಂದದ್ದು ಶುಕ್ರವಾರ. ಈ ಸಲ ನಾನೇ ಕೈಯಾರೆ ತುಂಬಿದೆ. ಆದರೆ ಸುಮ್ಮನೆ ಬಂದು ಹೋಗುವ ಬಾಟಲಿ ಇದೆಯಲ್ಲ, ಅದರಲ್ಲೇ ಏನೋ ದೊಡ್ಡ ಗೆರೆ ಎದ್ದಿತು. ಅದರಲ್ಲಿ ಗೆರೆ ಎದ್ದರೆ ಆ ದಿನದ ಮಾದರಿಗಳೆಲ್ಲ ದಂಡ.

ಮೇಡಂ ಎದ್ದು ಕೋಣೆಯಲ್ಲಿ ಒಂದು ಸುತ್ತು ಹಾಕಿದರು. ಬಾಗಿಲ ಬಳಿ ಸಾಹೇಬರು ಬಿಳಿ ಜುಬ್ಬಾದಲ್ಲಿ ನಿಂತಿದ್ದರು, ಮಧ್ಯಾಹ್ನದ ನಮಾಜಿಗೆ ಸಿದ್ಧರಾಗಿ. ಮೇಡಂ ಅವರ ಹತ್ತಿರ ಹೋಗಿ ನಿಂತು ಉಸಿರೆಳೆದುಕೊಂಡರು.

"ಸಾಹೇಬ್ರೇ, ಅತ್ತರು ಹಾಕಿದೀರಾ?"

"ಶುಕ್ರವಾರ ಅಲ್ವಾ ಮೇಡಂ. ಸ್ವಲ್ಪಾನೇ. ಕಿವಿ ಹಿಂದೆ."

"ಮಷೀನಿಗೆ ಕೇಳಿಸ್ತಾ ಇದೆ."

"ಹಾಗಾದ್ರೆ ಒಳ್ಳೇ ಮಾಲು," ಎಂದರು ಸಾಹೇಬರು ಹೆಮ್ಮೆಯಿಂದ. "ನಮ್ಮ ಭಾಮೈದನ ಅಂಗಡಿದು. ಅಪ್ಪಟ ಗಂಧದೆಣ್ಣೆ, ಬೇರೆ ಏನೂ ಬೆರೆಸಿಲ್ಲ ಅಂತಾನೆ."

ಗೆರೆ ಯಾವುದರದು ಎಂದು ಖಚಿತ ಮಾಡಿಕೊಳ್ಳಲೇಬೇಕಿತ್ತು. ಅವರ ಜೇಬಿನ ಪುಟ್ಟ ಶೀಶೆ ತೆಗೆದುಕೊಂಡು, ಎಳೆಯನ್ನು ಅದರ ಬಾಯಿಯ ಮೇಲೆ ಕ್ಷಣಮಾತ್ರ ಹಿಡಿದು ಯಂತ್ರಕ್ಕೆ ಕೊಟ್ಟೆ. ಬಾಟಲಿಯಲ್ಲಿ ಎದ್ದ ಗೆರೆಯೇ ಇಲ್ಲೂ ಎದ್ದಿತು. ಅದು ಗಂಧದ್ದಲ್ಲ. ಪ್ಲಾಸ್ಟಿಕ್ಕನ್ನು ಮೆದುಗೊಳಿಸಲು ಬಳಸುವ, ಸುಗಂಧವನ್ನು ತೆಳು ಮಾಡಲೂ ಬೆರೆಸುವ ಒಂದು ರಾಸಾಯನಿಕ. ಗಂಧದ ಗೆರೆಯನ್ನು ಭೂತಗನ್ನಡಿ ಹಿಡಿದು ಹುಡುಕಬೇಕಿತ್ತು.

ಹೇಗೆ ಹೇಳುವುದು ಎಂದು ಮೇಡಂ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಕೊನೆಗೆ ನಾನೇ ಮೆಲ್ಲಗೆ ಹೇಳಿದೆ. ಸಾಹೇಬರ ಮುಖ ಒಂದು ಕ್ಷಣ ಗಂಭೀರವಾಯಿತು. ಆಮೇಲೆ ನಿಧಾನವಾಗಿ ಅರಳಿತು.

"ಇದನ್ನ ಲೆಟರ್‌ಹೆಡ್ ಮೇಲೆ ಕೊಡ್ತೀರಾ ಮೇಡಂ?"

"ಯಾಕೆ, ಕಂಪ್ಲೇಂಟ್ ಕೊಡ್ತೀರಾ?"

"ತೌಬಾ, ಕಂಪ್ಲೇಂಟ್ ಯಾಕೆ? ಮದುವೆ ಆಗಿ ಇಪ್ಪತ್ತಾರು ವರ್ಷ. ತಮ್ಮ ಅಂದ್ರೆ ಚಿನ್ನ ಅಂತಾಳೆ ನನ್ನ ಹೆಂಡತಿ. ನಾನು ಬಾಯಲ್ಲಿ ಹೇಳಿದ್ರೆ ನಂಬಲ್ಲ. ಫ್ರೇಮ್ ಹಾಕಿಸಿ ಹಾಲ್‌ನಲ್ಲಿ ತೂಗುಹಾಕ್ತೀನಿ."

೫. ಮನೆಮದ್ದು

ಇಷ್ಟರಲ್ಲಿ ಒಲೆ ಆರಿ ಮೂರು ವಾರವಾಯಿತು. ಇಡ್ಲಿ ಅಕ್ಕ ದಿನಾ ಫೋನ್ ಮಾಡುತ್ತಿದ್ದರು. "ಪೆಟ್ರೋಲಾ ಸಾರ್?" "ಇನ್ನೂ ಗೊತ್ತಿಲ್ಲ ಅಕ್ಕಾ." "ಸರಿ ಸಾರ್, ಊಟ ಆಯ್ತಾ?" ತನ್ನ ಒಲೆ ಆರಿದವರು ನನ್ನ ಊಟ ವಿಚಾರಿಸುತ್ತಿದ್ದರು. ನನಗೆ ಊಟ ಸೇರುತ್ತಿರಲಿಲ್ಲ.

ಸೋಮವಾರ, ಅತ್ತರಿಲ್ಲದ ಸಾಹೇಬರೊಂದಿಗೆ ಹೋಗಿ ಎರಡನೆಯ ಸುತ್ತಿನ ಮಾದರಿ ತಂದೆ. ಯಂತ್ರ ತೋರಿಸಿದ ಚಿತ್ರ ಸಂಜೆ ಆರು ಗಂಟೆಗೆ ಕೆ.ಆರ್. ಪುರದ ತೂಗುಸೇತುವೆಯ ಹಾಗಿತ್ತು. ಎಲ್ಲಿ ನೋಡಿದರೂ ವಾಹನಗಳಂತೆ ಒತ್ತೊತ್ತಾಗಿ ಗೆರೆಗಳು. ಮೊದಲ ದಿನ ಇಲ್ಲದಿದ್ದವು ಈಗ ಎಲ್ಲಿಂದ ಬಂದವು? ಒಂದೊಂದನ್ನೇ ಗುರುತಿಸಿದೆವು. ಫಿನಾಯಿಲ್. ಕರ್ಪೂರ. ನುಸಿಗುಳಿಗೆ. ನೀಲಗಿರಿ ಎಣ್ಣೆ.

ಪಟ್ಟಿ ಹಿಡಿದುಕೊಂಡು ಬೀದಿಗೆ ಹೋದೆ. ಬಾವಿಗೆ ಯಾರು ಏನು ಹಾಕಿದಿರಿ ಎಂದು ಕೇಳಿದೆ. ಯಾರೂ ಏನೂ ಹಾಕಿರಲಿಲ್ಲ. ಸೂಜಿ ಎಲ್ಲವನ್ನೂ ಹೇಳಿದೆ ಎಂದು ಪಟ್ಟಿ ಓದಿದೆ.

"ಫಿನಾಯಿಲ್ ಒಂದೇ ಮುಚ್ಚಳ ಸಾರ್," ಎಂದರು ಸಂಜೆ ಏಳರ ಗಂಡನ ಹೆಂಡತಿ. "ಹೊಲಸು ಹೋಗ್ಲಿ ಅಂತ."

ಸರ್ಕಾರಿ ಕಾರ್ಖಾನೆಯಿಂದ ನಿವೃತ್ತರಾದ ಒಬ್ಬ ಹಿರಿಯರು ಗಂಟಲು ಸರಿಮಾಡಿಕೊಂಡರು. "ನುಸಿಗುಳಿಗೆ ನಾಲ್ಕು. ಬೀರುವಿನಲ್ಲಿ ಇಟ್ರೆ ವಾಸನೆ ಹೋಗುತ್ತಲ್ಲ, ಅದೇ ತತ್ವ." ಅವರ ಪತ್ನಿ ಕರ್ಪೂರವನ್ನು ಒಪ್ಪಿಕೊಂಡರು, ಗಂಡನಿಗೆ ತಿಳಿಯದಂತೆ ಹಾಕಿದ್ದಂತೆ. ತಗಡಿನ ಒಂದೇ ಮೂಲೆಯನ್ನು ಬೇರೆ ಬೇರೆ ಹೊತ್ತಿನಲ್ಲಿ ಇಬ್ಬರೂ ಎತ್ತಿದ್ದರು.

ಉಳಿದದ್ದು ನೀಲಗಿರಿ ಎಣ್ಣೆ. ಎಲ್ಲರೂ ಅಜ್ಜಿಯ ಕಡೆ ನೋಡಿದರು.

"ನನ್ನ ಯಾಕೆ ನೋಡ್ತೀರಿ? ಇವರೇ ಚುಚ್ಚಿ ಹೋದ್ರು. ಇಂಜೆಕ್ಷನ್ ಆದ್ಮೇಲೆ ಮೈಕೈ ನೋವು ಇರಲ್ವಾ?"

೬. ನಾಲ್ಕು ಹನಿ

ಈ ಔಷಧಿಗಳನ್ನೆಲ್ಲ ಬದಿಗೆ ಸರಿಸಿ ನೋಡಿದರೆ, ಚಿತ್ರದ ತಳದಲ್ಲಿ ಒಂದು ತಗ್ಗಾದ ದಿಬ್ಬ ಕಾಣುತ್ತಿತ್ತು. ಪ್ರತಿಯೊಂದು ಎಣ್ಣೆಗೂ ಅದರದೇ ಹೆಬ್ಬೆಟ್ಟಿನ ಗುರುತು ಇರುತ್ತದೆ. ಮೇಡಂ ಅದನ್ನು ನೋಡಿದ ಕೂಡಲೇ, "ಪೆಟ್ರೋಲ್ ಅಲ್ಲ ರೀ, ಸೀಮೆಎಣ್ಣೆ," ಎಂದರು. ಬಂಕು ನಿರಪರಾಧಿ. ನೆಲದಡಿಯ ಸೋರಿಕೆ ಇಲ್ಲ. ಅಂದರೆ ಮೇಲಿನಿಂದ ಯಾರೋ ಸೀಮೆಎಣ್ಣೆ ಹಾಕುತ್ತಿದ್ದಾರೆ. ಅದು ನಿಂತರೆ ಬಾವಿ ಉಳಿಯುತ್ತದೆ.

ಹಗ್ಗದ ಚೂರು ಒಂದು, ಕೊಡದ ಅಂಚನ್ನು ಒರೆಸಿದ ಹತ್ತಿ ಒಂದು, ರಾಟೆಯನ್ನು ಒರೆಸಿದ ಹತ್ತಿ ಒಂದು, ಹೀಗೆ ಬೇರೆ ಬೇರೆ ಬಾಟಲಿಯಲ್ಲಿ ಹಾಕಿ, ಮೇಲಿನ ಗಾಳಿಯಲ್ಲಿ ಎಳೆ ಇಳಿಬಿಟ್ಟೆ. ರಾಟೆಯ ಹತ್ತಿ ಯಂತ್ರದ ಗೆರೆಯನ್ನು ಚಾವಣಿಗೆ ಮುಟ್ಟಿಸಿತು.

ಮತ್ತೆ ಬೀದಿಗೆ ಹೋಗಿ ಕೇಳಿದೆ. "ರಾಟೆಗೆ ಎಣ್ಣೆ ಹಾಕೋದು ಯಾರು?"

ಇಡ್ಲಿ ಅಕ್ಕನ ಕೈ ಮೆಲ್ಲಗೆ ಮೇಲೆದ್ದಿತು, ಶಾಲೆಯಲ್ಲಿ ಎದ್ದಂತೆ.

"ನಾನೇ ಸಾರ್. ಬೆಳಗಿನ ಜಾವ ನಾಲ್ಕಕ್ಕೆ ನೀರು ಸೇದಬೇಕು. ರಾಟೆ ಕಿರ್ರ್ ಅನ್ನುತ್ತೆ. ನಿದ್ದೆ ಕೆಡುತ್ತೆ ಅಂತ ಇವರೆಲ್ಲ ಬೇಜಾರು ಮಾಡ್ಕೊಂಡ್ರು. ಹಳೇ ಸ್ಟೌದು ಸೀಮೆಎಣ್ಣೆ ಇತ್ತು. ದಿನಾ ನಾಲ್ಕು ಹನಿ ಬಿಡ್ತಿದ್ದೆ. ತುಕ್ಕು ಬಿಟ್ಕೊಂಡು ತಿರುಗೋದೂ ಹಗುರ ಆಯ್ತು." ಅಲ್ಲಿಗೆ ಅವರಿಗೆ ಎಲ್ಲವೂ ಹೊಳೆಯಿತು. "ಅಯ್ಯೋ, ವಾಸನೆ ಬರ್ತಿದೆ ಅಂತ ಮೊದಲು ಕಂಪ್ಲೇಂಟ್ ಕೊಟ್ಟಿದ್ದೂ ನಾನೇ ಅಲ್ವಾ?"

ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತರು. ಬೀದಿ ಏನನ್ನುತ್ತದೋ ಎಂದು ನಾನು ಒಬ್ಬೊಬ್ಬರ ಮುಖ ನೋಡಿದೆ. ಇಪ್ಪತ್ತು ಮನೆಯವರು ಮೂರು ವಾರ ಟ್ಯಾಂಕರಿನ ಹಿಂದೆ ಓಡಿದ್ದರು.

ನಿವೃತ್ತ ಹಿರಿಯರು ಮುಂದೆ ಬಂದರು. "ತಪ್ಪು ನಂದಮ್ಮ. ರಾಟೆ ಸದ್ದಿನ ಬಗ್ಗೆ ಜೋರಾಗಿ ಕೂಗಾಡಿದ್ದು ನಾನು. ನಿದ್ದೆ ವಿಷಯದಲ್ಲಿ ನಾನು ಸ್ವಲ್ಪ ಸೂಕ್ಷ್ಮ."

ಅವರ ಪತ್ನಿ ಅಷ್ಟೇ ಶಾಂತವಾಗಿ ಹೇಳಿದರು: "ನಿಮ್ಮ ಗೊರಕೆಗೆ ಮೂವತ್ತೆಂಟು ವರ್ಷದಿಂದ ಯಾರೂ ಒಂದು ಹನಿ ಎಣ್ಣೆ ಬಿಟ್ಟಿಲ್ಲ."

ಬೀದಿ ನಕ್ಕಿತು. ಇಡ್ಲಿ ಅಕ್ಕನೂ ಸೆರಗಿನ ಹಿಂದೆ ನಕ್ಕರು. ಆ ನಗುವಿಗೆ ನಾನು ಇವತ್ತಿಗೂ ಋಣಿ. ನನ್ನ ವರದಿ ಒಬ್ಬರನ್ನು ಅಪರಾಧಿ ಮಾಡಬಹುದಿತ್ತು, ಹಿರಿಯರ ಪತ್ನಿ ಒಂದೇ ಮಾತಿನಲ್ಲಿ ಮೊಕದ್ದಮೆಯನ್ನು ತನ್ನ ಮನೆಗೆ ವರ್ಗಾಯಿಸಿಕೊಂಡರು.

೭. ಪತ್ತೆಯಾಗಿಲ್ಲ

ರಾಟೆ ಬದಲಾಯಿತು, ಹಗ್ಗ ಬದಲಾಯಿತು. ಬೀದಿಯವರೇ ಪಂಪು ತಂದು ಬಾವಿಯನ್ನು ಮೂರು ಸಲ ಬರಿದು ಮಾಡಿದರು. ಫಿನಾಯಿಲ್ ಹಾಕಿದವರು ಒಂದು ದಿನ, ನುಸಿಗುಳಿಗೆ ಹಾಕಿದವರು ಒಂದು ದಿನ, ಹೀಗೆ ಸರದಿಯ ಮೇಲೆ ಗೋಡೆ ಉಜ್ಜಿಸಿದರು. ಹೊಸ ನೀರು ಊರಿತು. ನಾನು ಮೂರನೆಯ ಮಾದರಿ ತಂದೆ.

ಮೇಡಂ ಎರಡು ಸಲ ಪರೀಕ್ಷೆ ಮಾಡಿಸಿದರು. ಸೀಮೆಎಣ್ಣೆ ಇಲ್ಲ, ಮನೆಮದ್ದುಗಳೂ ಇಲ್ಲ. ನಾವು ವರದಿಯಲ್ಲಿ ಯಾವತ್ತೂ ಸೊನ್ನೆ ಎಂದು ಬರೆಯುವುದಿಲ್ಲ. ಯಂತ್ರದ ಕಣ್ಣಿಗೂ ಒಂದು ಮಿತಿ ಇದೆ, ಅದಕ್ಕಿಂತ ಕೆಳಗಿನದನ್ನು ಇದೆ ಎನ್ನಲೂ ಆಗದು, ಇಲ್ಲ ಎಂದು ಆಣೆ ಮಾಡಲೂ ಆಗದು. ಆದ್ದರಿಂದ 'ಪತ್ತೆಯಾಗಿಲ್ಲ' ಎಂದು ಬರೆಯುತ್ತೇವೆ. ನಮ್ಮ ವೃತ್ತಿಯಲ್ಲಿ ಇದಕ್ಕಿಂತ ಸಿಹಿಯಾದ ಸುದ್ದಿ ಇಲ್ಲ.

ವಾರ್ಡ್ ಕಚೇರಿಗೆ ಒಂದು ಪ್ರತಿ ಹೋಯಿತು, ಅವರು ಬಂದು ತಗಡು ತೆಗೆದರು. ಇನ್ನೊಂದು ಪ್ರತಿಯನ್ನು ನಾನೇ ಹಿಡಿದು ಸಾಹೇಬರೊಂದಿಗೆ ಮರುದಿನ ಬೆಳಿಗ್ಗೆ ಹೋದೆ. ಬೀದಿಯ ತಿರುವಿನಲ್ಲಿ ಒಲೆ ಉರಿಯುತ್ತಿತ್ತು. ಇಡ್ಲಿ ತಟ್ಟೆಯಿಂದ ಆವಿ ಏಳುತ್ತಿತ್ತು. ಅಷ್ಟೂ ಜನ ಅಲ್ಲೇ ಇದ್ದರು. ನಾನು ಅಭಿಮಾನದಿಂದ ವರದಿ ತೆಗೆದು ಗಟ್ಟಿಯಾಗಿ ಓದಿದೆ.

"ಪೆಟ್ರೋಲ್: ಪತ್ತೆಯಾಗಿಲ್ಲ. ಡೀಸೆಲ್: ಪತ್ತೆಯಾಗಿಲ್ಲ. ಸೀಮೆಎಣ್ಣೆ: ಪತ್ತೆಯಾಗಿಲ್ಲ. ಕರ್ಪೂರ: ಪತ್ತೆಯಾಗಿಲ್ಲ."

ಪಟ್ಟಿ ಉದ್ದವಿತ್ತು. ಓದುತ್ತಾ ಹೋದಂತೆ ಜನರ ಮುಖ ಇಳಿಯುತ್ತಾ ಹೋಯಿತು.

"ಒಂದೂ ಸಿಗ್ಲಿಲ್ವಾ ಸಾರ್?" ಇಡ್ಲಿ ಅಕ್ಕ ಮೆಲುದನಿಯಲ್ಲಿ ಕೇಳಿದರು.

"ಒಂದೂ ಇಲ್ಲ ಅಕ್ಕಾ," ಎಂದೆ ನಗುತ್ತಾ.

"ಇಷ್ಟು ದಿನ ಹುಡುಕಿ?"

"ಪಾಪ," ಎಂದರು ಅಜ್ಜಿ. "ದೊಡ್ಡ ಮಷೀನ್ ಬೇರೆ ಇಟ್ಕೊಂಡಿದಾರಂತೆ."

"ಅದು ಹಾಗಲ್ಲ ಅಜ್ಜಿ, ಸಿಗದೇ ಇರೋದೇ ಒಳ್ಳೇದು. ಬಾವಿ ಚೆನ್ನಾಗಿದೆ ಅಂತ ಅರ್ಥ."

"ಬಾವಿ ಚೆನ್ನಾಗಿದೆ, ಅದು ನಮಗೂ ಗೊತ್ತಾಯ್ತು," ಎಂದರು ನಿವೃತ್ತ ಹಿರಿಯರು, ನನ್ನ ಭುಜದ ಮೇಲೆ ಕೈಯಿಟ್ಟು. "ನಿಮ್ಮ ವಿಷಯ ಹೇಳಿ. ಕೆಲಸಕ್ಕೇನೂ ತೊಂದ್ರೆ ಆಗಲ್ವಲ್ಲ?"

ನಾನು ಸಹಾಯಕ್ಕಾಗಿ ಸಾಹೇಬರ ಕಡೆ ನೋಡಿದೆ. ಅವರಿಗೆ ಎಲ್ಲವೂ ಗೊತ್ತು. ಅವರು ಮುಖದ ಒಂದು ಗೆರೆಯನ್ನೂ ಅಲುಗಿಸದೆ, "ಮೇಡಂ ಸ್ವಲ್ಪ ಬೈದ್ರು," ಎಂದರು.

ಬೀದಿಯೆಲ್ಲ ಒಟ್ಟಿಗೆ ಲೊಚಗುಟ್ಟಿತು. ಯಾರೋ ಕುರ್ಚಿ ತಂದರು. ಇಡ್ಲಿ ಅಕ್ಕ ಎಲೆ ಹಾಕಿ ನಾಲ್ಕು ಇಡ್ಲಿ ಬಡಿಸಿ, ನನ್ನ ಮುಖ ನೋಡಿ ಇನ್ನೆರಡು ಬಡಿಸಿದರು. ಮಲ್ಲಿಗೆಯಂಥ ಇಡ್ಲಿ. ಇಷ್ಟು ವರ್ಷದ ಉದ್ಯೋಗದಲ್ಲಿ ನನಗೆ ಯಾರೂ ಇಂಥ ಸನ್ಮಾನ ಮಾಡಿರಲಿಲ್ಲ. ಎಲೆಯ ಮೇಲೆ ತಲೆ ತಗ್ಗಿಸಿ ಕುಳಿತೆ. ಅದನ್ನು ಅವರು ದುಃಖ ಎಂದೇ ತಿಳಿದರು.

"ತಿನ್ನಿ ಸಾರ್, ಬೇಜಾರು ಮಾಡ್ಕೋಬೇಡಿ," ಎಂದು ಚಟ್ನಿ ಹಾಕುತ್ತಾ ಇಡ್ಲಿ ಅಕ್ಕ ಸಮಾಧಾನ ಹೇಳಿದರು. "ಮುಂದಿನ ಸಲ ನಮ್ಮ ಬಾವೀಲೇ ನಿಮಗೆ ಏನಾದ್ರೂ ಸಿಗ್ಲಿ ಅಂತ ದೇವರಿಗೆ ಹರಕೆ ಹೊತ್ತಿದೀನಿ."